‘ನಾಳೆ’ ಎಂಬ ಸಾಲ

ಕಾಲದ ಮೇಲೆ ಆಣೆಯಿಟ್ಟು ಆರಂಭವಾಗುವ ಅಧ್ಯಾಯವೊಂದು ಪವಿತ್ರ ಕುರ್‌ಆನಿನಲ್ಲಿದೆ. ಅದು 103ನೆಯ ಅಧ್ಯಾಯವಾದ ಅಲ್ ಅಸ್ರ್. ಅದರಲ್ಲಿರುವುದು ಮೂರೇ ವಚನಗಳು. ನಮಾಝ್‌ನಲ್ಲಿ ಅವಸರವಿದ್ದಾಗ ನಾವು ಆರಿಸಿಕೊಳ್ಳುವುದೂ ಇದನ್ನೇ. ಮನುಷ್ಯನು ನಷ್ಟದಲ್ಲಿದ್ದಾನೆಂದು ಅಲ್ಲಾಹನು ಅಲ್ಲಿ ಎಚ್ಚರಿಸುತ್ತಾನೆ. ವಿಶ್ವಾಸವಿರಿಸಿ, ಸತ್ಕರ್ಮವೆಸಗಿ, ಸತ್ಯವನ್ನೂ ಸಹನೆಯನ್ನೂ ಪರಸ್ಪರ ಬೋಧಿಸುವವರನ್ನು ಮಾತ್ರ ಆ ನಷ್ಟದಿಂದ ಹೊರಗಿಡುತ್ತಾನೆ. ಅಂಗಡಿ ಮುಚ್ಚಿದ್ದರೆ ವ್ಯಾಪಾರಿಯ ಬಂಡವಾಳ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆಯುಷ್ಯವೆಂಬ ಬಂಡವಾಳ ಹಾಗಲ್ಲ. ಬಾಗಿಲು ತೆರೆದರೂ ಮುಚ್ಚಿದರೂ ಅದು ಕರಗುತ್ತಲೇ ಇರುತ್ತದೆ.

ಒಳ್ಳೆಯ ಕೆಲಸವನ್ನು ಮುಂದೂಡುವ ರೋಗಕ್ಕೆ ನಮ್ಮ ಉಲಮಾಗಳು ‘ತಸ್ವೀಫ್’ ಎಂದು ಹೆಸರಿಟ್ಟಿದ್ದಾರೆ. ಅರಬಿ ವ್ಯಾಕರಣದಲ್ಲಿ ಭವಿಷ್ಯತ್ ಕಾಲವನ್ನು ಸೂಚಿಸುವ ‘ಸೌಫ’ ಎಂಬ ಪದದಿಂದ ಹುಟ್ಟಿದ ಮಾತದು. ಮುಂದೆ ಮಾಡುವೆನು, ಮುಂದೆ ಮಾಡುವೆನು ಎನ್ನುತ್ತಿರುವುದೇ ತಸ್ವೀಫ್. ಕನ್ನಡದಲ್ಲಿ ಅದಕ್ಕೆ ‘ನೋಡೋಣ’, ‘ಆಮೇಲೆ’, ‘ನಾಳೆ’ ಎಂಬ ಪದಗಳಿವೆ. ಹಿಂದೆ ನಮ್ಮ ನಾಡಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂದಿರುಗುತ್ತದೆಂಬುದು ಜನರ ಮೂಢನಂಬಿಕೆಯಾಗಿತ್ತು. ಅದನ್ನು ಕಂಡು ನಗುತ್ತೇವೆ. ಆದರೆ ನಮ್ಮ ಎದೆಯ ಬಾಗಿಲ ಮೇಲೆ ನಾವೂ ಅದನ್ನೇ ಬರೆದುಕೊಂಡಿಲ್ಲವೇ? ಮರಣದ ಮಲಕ್ ಆ ಬರಹವನ್ನು ಓದಿ ಹಿಂದಿರುಗುವವರಲ್ಲ.

ಈ ರೋಗ ದುರ್ಬಲ ವಿಶ್ವಾಸಿಗಳಿಗೆ ಮಾತ್ರ ತಗಲುತ್ತದೆಂದು ಭಾವಿಸಬಾರದು. ಕಅಬ್ ಬಿನ್ ಮಾಲಿಕ್(ರ) ಅಕಬಾ ಪ್ರತಿಜ್ಞೆಯಲ್ಲಿ ಭಾಗವಹಿಸಿದ್ದ ಶ್ರೇಷ್ಠ ಸಹಾಬಿಗಳು. ಹಿಜರಿ 9ರಲ್ಲಿ (ಕ್ರಿ.ಶ. 630) ಪ್ರವಾದಿವರ್ಯರು(ಸ) ತಬೂಕ್‌ಗೆ ಹೊರಡಲು ಕರೆಕೊಟ್ಟರು. ಸುಡುಬಿಸಿಲಿನ ಕಾಲ, ದೂರದ ಹಾದಿ. ಮದೀನಾದ ತೋಟಗಳಲ್ಲಿ ಹಣ್ಣು ಮಾಗಿತ್ತು, ನೆರಳು ಹಿತವಾಗಿತ್ತು. ಕಅಬ್(ರ)ರಿಗೆ ಯಾವ ಕೊರತೆಯೂ ಇರಲಿಲ್ಲ. ಅದಕ್ಕೆ ಮೊದಲು ಎಂದೂ ಅವರ ಬಳಿ ಎರಡು ಸವಾರಿ ಒಂಟೆಗಳು ಇದ್ದುದಿಲ್ಲ, ಆಗ ಇದ್ದವು. ಪ್ರತಿದಿನ ಬೆಳಿಗ್ಗೆ ಸಿದ್ಧತೆಗೆಂದು ಹೊರಡುತ್ತಿದ್ದರು, ಏನೂ ಮಾಡದೆ ಮರಳುತ್ತಿದ್ದರು. ಬೇಕೆಂದಾಗ ಮಾಡಬಲ್ಲೆನಲ್ಲ ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು. ಸೈನ್ಯ ಹೊರಟುಹೋಯಿತು. ಒಂದೆರಡು ದಿನದಲ್ಲಿ ಹೋಗಿ ಸೇರಿಕೊಳ್ಳುವೆನೆಂದುಕೊಂಡರು. ಅದೂ ಆಗಲಿಲ್ಲ.

ಪ್ರವಾದಿವರ್ಯರು(ಸ) ಮರಳಿದಾಗ ಎಂಬತ್ತಕ್ಕೂ ಮಿಕ್ಕಿದ ಜನರು ಬಂದು ನೆಪಗಳನ್ನು ಒಪ್ಪಿಸಿದರು. ಕಅಬ್(ರ) ನೆಪ ಹೇಳಲಿಲ್ಲ. ತನಗೆ ಯಾವ ಅಡ್ಡಿಯೂ ಇರಲಿಲ್ಲವೆಂದು ನಿಜವನ್ನೇ ನುಡಿದರು. ಅವರೊಂದಿಗೆ ಮತ್ತಿಬ್ಬರು ಸತ್ಯವಂತರೂ ಇದ್ದರು. ಐವತ್ತು ದಿನಗಳ ಕಾಲ ಮದೀನಾದಲ್ಲಿ ಯಾರೂ ಅವರೊಡನೆ ಮಾತನಾಡಲಿಲ್ಲ. ವಿಶಾಲವಾದ ಭೂಮಿಯೇ ಅವರ ಪಾಲಿಗೆ ಇಕ್ಕಟ್ಟಾಯಿತೆಂದು ಅತ್ತೌಬಾ ಅಧ್ಯಾಯದ 118ನೆಯ ವಚನ ತಿಳಿಸುತ್ತದೆ. ಕೊನೆಗೆ ಅಲ್ಲಾಹನು ಅವರ ಪಶ್ಚಾತ್ತಾಪವನ್ನು ಸ್ವೀಕರಿಸಿದನು. ಗಮನಿಸಿರಿ, ಕಅಬ್(ರ) ಹೋಗುವುದಿಲ್ಲವೆಂದು ಎಂದೂ ನಿರ್ಧರಿಸಿರಲಿಲ್ಲ. ಹೋಗಬೇಕೆಂದೇ ಇದ್ದರು. ‘ಇಂದಲ್ಲ’ ಎಂದಷ್ಟೇ ಅಂದುಕೊಂಡಿದ್ದರು.

ಇನ್ನು ನನ್ನ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. ಸಂಕೋಚವಾಗುತ್ತದೆ. ಆದರೆ ಬೋಧಿಸುವವನು ತನ್ನ ತಪ್ಪನ್ನು ಮುಚ್ಚಿಟ್ಟರೆ ಆ ಬೋಧನೆಯಲ್ಲಿ ಬರಕತ್ ಇರದು.

ನಮ್ಮ ಅಜ್ಜ ಬಿಟ್ಟುಹೋದದ್ದು ಮೂರು ಎಕರೆ ಅಡಿಕೆ ತೋಟ. ಅಜ್ಜಿ ಮೊದಲೇ ತೀರಿಹೋಗಿದ್ದರು. ವಾರಸುದಾರರೆಂದರೆ ನಮ್ಮ ಅಬ್ಬಾ ಮತ್ತು ಅವರ ಅಕ್ಕ, ಅಂದರೆ ನಮ್ಮ ಫುಪ್ಪು. ಅನ್ನಿಸಾ ಅಧ್ಯಾಯದ ವಿಧಿಯಂತೆ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಲೆಕ್ಕಕ್ಕೆ ಕಾಗದವೂ ಬೇಡ, ಫುಪ್ಪುವಿಗೆ ಒಂದು ಎಕರೆ. ಕೊಡುವುದಿಲ್ಲವೆಂದು ಅಬ್ಬಾ ಎಂದೂ ಹೇಳಿದವರಲ್ಲ. ಈ ಕೊಯ್ಲು ಮುಗಿಯಲಿ, ಮಗಳ ನಿಕಾಹ್ ಆಗಲಿ, ಕೊಳವೆಬಾವಿಯ ಖರ್ಚು ತೀರಲಿ ಎನ್ನುತ್ತ ಹನ್ನೊಂದು ವರ್ಷ ಕಳೆದವು. ಕೊನೆಗೆ ಕಾಗದಪತ್ರಗಳನ್ನು ನನ್ನ ಕೈಗಿತ್ತು, “ಓದಿದವನು ನೀನು, ನೀನೇ ಓಡಾಡಿ ಮುಗಿಸು ಬೇಟಾ” ಎಂದರು.

ವಂಶವೃಕ್ಷ ಮಾಡಿಸಿ, ನಾಡಕಚೇರಿಗೆ ಅರ್ಜಿ ಕೊಡಬೇಕಿತ್ತು. ನನಗೆ ನೆಪಗಳಿಗೆ ಬರವೇ? ಶಾಲೆಯ ಪರೀಕ್ಷೆ, ರಮಝಾನ್, ಮಳೆ. ಹದಿನಾಲ್ಕು ತಿಂಗಳು ಆ ಕಾಗದಗಳು ನನ್ನ ಬೀರುವಿನಲ್ಲಿ ಮಲಗಿದವು. ಈದ್‌ಗೆ ಬಂದಿದ್ದ ಫುಪ್ಪು ಒಮ್ಮೆ ಮಾತ್ರ, ಅದೂ ಮೆಲ್ಲಗೆ, “ಅದೇನಾಯ್ತು ಬೇಟಾ?” ಎಂದು ಕೇಳಿದರು. “ಆಗುತ್ತೆ ಫುಪ್ಪು, ಇನ್ಶಾ ಅಲ್ಲಾಹ್” ಎಂದೆ. ಆ ಮಳೆಗಾಲ ಕಳೆಯುವ ಮೊದಲೇ ಅವರು ತೀರಿಕೊಂಡರು.

ಅರ್ಜಿ ಕೊಡಲು ನನಗೆ ಬೇಕಾದದ್ದು ಎರಡೇ ದಿನ. ಫುಪ್ಪುವನ್ನು ದಫನ್ ಮಾಡಿದ ಮರುವಾರವೇ ಅದನ್ನು ಮಾಡಿದೆ. ಒಂದು ಎಕರೆ ಅವರ ಮಕ್ಕಳಿಗೆ ಸೇರಿತು. ಆಗ ಅವರ ಮಗಳು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: “ಅಮ್ಮಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು ಭಾಯಿ. ತೋಟದ ಹಣ ಬರಲಿ ಅಂತ ಕಾಯ್ತಾ ಇದ್ದರು.”

ನನ್ನ ಸಮಯವನ್ನು ನಾನು ಹಾಳುಮಾಡಿಕೊಂಡೆನೆಂದೇ ಅಲ್ಲಿಯವರೆಗೆ ತಿಳಿದಿದ್ದೆ. ನಾನು ಹಾಳುಮಾಡಿದ್ದು ಫುಪ್ಪುವಿನ ಸಮಯವನ್ನು, ಅವರ ಕಣ್ಣ ಬೆಳಕನ್ನು. ಅಲ್ಲಾಹನಿಗೆ ಸಲ್ಲಬೇಕಾದುದರಲ್ಲಿ ತಪ್ಪಿದರೆ ತೌಬಾದ ಬಾಗಿಲು ತೆರೆದಿದೆ. ಆದರೆ ದಾಸರ ಹಕ್ಕನ್ನು ಅವರಿಗೆ ತಲುಪಿಸಬೇಕು, ಅವರ ಕ್ಷಮೆಯನ್ನೂ ಕೇಳಬೇಕು. ಹಕ್ಕನ್ನು ಮಕ್ಕಳಿಗೆ ತಲುಪಿಸಿದೆ. ಕ್ಷಮೆ ಕೇಳಲು ಫುಪ್ಪು ಇಲ್ಲ. ಪ್ರತಿ ನಮಾಝ್‌ನ ಬಳಿಕ ಅವರ ಮಗ್‌ಫಿರತ್‌ಗಾಗಿ ದುಆ ಮಾಡುತ್ತೇನೆ. ನನಗೆ ಉಳಿದಿರುವುದು ಅಷ್ಟೇ.

‘ಇನ್ಶಾ ಅಲ್ಲಾಹ್’ ಎಂಬ ಪವಿತ್ರ ಮಾತನ್ನು ನಾವು ಹೇಗೆ ಬಳಸುತ್ತಿದ್ದೇವೆಂದು ಯೋಚಿಸಿರಿ. ನಾಳೆ ಇದನ್ನು ಮಾಡುವೆನೆಂದು ಅಲ್ಲಾಹನ ಇಚ್ಛೆಯನ್ನು ಸ್ಮರಿಸದೆ ಹೇಳಬಾರದೆಂದು ಅಲ್ ಕಹ್ಫ್ ಅಧ್ಯಾಯ ಕಲಿಸುತ್ತದೆ. ಮಾಡಲು ಗಟ್ಟಿಯಾಗಿ ಸಂಕಲ್ಪಿಸಿದವನು ವಿನಯದಿಂದ ಆಡುವ ಮಾತದು. ಮಾಡಲು ಮನಸ್ಸಿಲ್ಲದವನು ಕೇಳಿದವರನ್ನು ಸಾಗಹಾಕಲು ಅಲ್ಲಾಹನ ಹೆಸರನ್ನು ಬಳಸುವುದು ಎಂತಹ ಧಾರ್ಷ್ಟ್ಯ!

ನನಗೀಗ ಮೂವತ್ತೆಂಟು. ಈ ಪ್ರಾಯದವರ ಅವಸ್ಥೆ ನನಗೆ ಗೊತ್ತು. ಒಂದು ಕಡೆ ಮಕ್ಕಳ ಫೀಸು, ಇನ್ನೊಂದು ಕಡೆ ತಂದೆತಾಯಿಯರ ಔಷಧಿ, ನಡುವೆ ದುಡಿಮೆ. ಬಿಡುವಾದ ಮೇಲೆ ದೀನ್, ನಿವೃತ್ತಿಯಾದ ಮೇಲೆ ಹಜ್ಜ್ ಎಂದುಕೊಳ್ಳುತ್ತೇವೆ. ಆದರೆ ಅಲ್ ಅಹ್‌ಕಾಫ್ ಅಧ್ಯಾಯದ 15ನೆಯ ವಚನವು ನಲ್ವತ್ತರ ಪ್ರಾಯವನ್ನು ಹೆಸರಿಸಿಯೇ ಹೇಳುತ್ತದೆ. ಆ ಪ್ರಾಯಕ್ಕೆ ತಲುಪಿದ ಸಜ್ಜನನು ತನಗೂ ತನ್ನ ತಂದೆತಾಯಿಗೂ ದೊರೆತ ಅನುಗ್ರಹಕ್ಕೆ ಕೃತಜ್ಞತೆ ಸಲ್ಲಿಸಲು, ಸತ್ಕರ್ಮವೆಸಗಲು ನೆರವು ಬೇಡುತ್ತಾನೆ, ಸಂತತಿಯ ಒಳಿತನ್ನು ಕೋರುತ್ತಾನೆ, ಪಶ್ಚಾತ್ತಾಪಪಟ್ಟು ಮರಳುತ್ತಾನೆ. ನಮ್ಮ ಪ್ರವಾದಿಯವರಿಗೆ(ಸ) ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾದದ್ದೂ ನಲ್ವತ್ತರಲ್ಲಿ. ಅಲ್ಲಿಂದ ಇಪ್ಪತ್ತಮೂರು ವರ್ಷಗಳಲ್ಲಿ ಜಗತ್ತೇ ಬದಲಾಯಿತು. ಆದ್ದರಿಂದ ಪ್ರಾಯವಾಯಿತೆಂದು ನಿರಾಶರಾಗುವುದೂ ಬೇಡ, ಇನ್ನೂ ಪ್ರಾಯವಿದೆಯೆಂದು ಮಲಗುವುದೂ ಬೇಡ.

ಏನು ಮಾಡಬೇಕು? ಇಂದು ಇಶಾ ನಮಾಝ್‌ನ ಬಳಿಕ ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಜನರಿಗೆ ಸಲ್ಲಬೇಕಾದುದನ್ನು ಬರೆಯಿರಿ: ಸಾಲ, ಪತ್ನಿಯ ಮಹರ್, ಸಹೋದರಿಯರ ಪಾಲು, ಕೇಳಬೇಕಾದ ಕ್ಷಮೆ. ಮರಣಶಯ್ಯೆಯಲ್ಲಿ ಪತ್ನಿಯಿಂದ ಮಹರ್ ಮನ್ನಾ ಮಾಡಿಸಿಕೊಳ್ಳುವುದು ನಮ್ಮಲ್ಲಿನ ಕೆಟ್ಟ ರೂಢಿ. ಹಕ್ಕುದಾರರಲ್ಲಿ ಯಾರಿಗೆ ಹೆಚ್ಚು ವಯಸ್ಸಾಗಿದೆಯೋ ಅವರಿಂದ ಆರಂಭಿಸಿರಿ. ವಸಿಯ್ಯತ್ ಮಾಡಬೇಕಾದುದೇನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದನ್ನು ಪ್ರವಾದಿಯವರು(ಸ) ಮೆಚ್ಚಿಲ್ಲ.

ಬಳಿಕ ಅಲ್ಲಾಹನಿಗೆ ಸಲ್ಲಬೇಕಾದುದನ್ನು ಬರೆಯಿರಿ. ತಪ್ಪಿಹೋದ ನಮಾಝ್‌ಗಳು ಬಹಳವಿದ್ದರೆ ಪ್ರತಿ ಫರ್ಝ್‌ನೊಂದಿಗೆ ಒಂದು ಕಝಾ ನಿರ್ವಹಿಸಿರಿ. ಒಂದು ವರ್ಷದ ಬಾಕಿ ಒಂದು ವರ್ಷದಲ್ಲಿ ತೀರುತ್ತದೆ. ಮದೀನಾ ಮುಸ್‌ಹಫ್‌ನಲ್ಲಿರುವುದು 604 ಪುಟಗಳು. ದಿನಕ್ಕೊಂದು ಪುಟವನ್ನು ಅರ್ಥಸಹಿತ ಓದಿದರೆ ಇಪ್ಪತ್ತು ತಿಂಗಳಲ್ಲಿ ಇಡೀ ಕುರ್‌ಆನ್ ಮುಗಿಯುತ್ತದೆ. ಸಮಯವಿಲ್ಲವೇ? ದಿನಕ್ಕೆ ಎರಡು ಗಂಟೆ ಮೊಬೈಲ್ ನೋಡುವವನು ವರ್ಷಕ್ಕೆ 730 ಗಂಟೆ, ಅಂದರೆ ಹಗಲಿರುಳು ಸೇರಿ ಪೂರ್ತಿ ಒಂದು ತಿಂಗಳನ್ನು ಅದಕ್ಕೆ ಕೊಡುತ್ತಾನೆ. ಕರ್ಮ ಚಿಕ್ಕದಾದರೂ ನಿರಂತರವಾಗಿರುವುದೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಆಯಿಶಾ(ರ) ವರದಿ ಮಾಡಿದ ಹದೀಸ್ ತಿಳಿಸುತ್ತದೆ.

ತಬೂಕ್‌ನ ಸಂದರ್ಭದಲ್ಲೇ ಹಿಂದುಳಿದ ಇನ್ನೊಬ್ಬರಿದ್ದರು, ಅಬೂ ಖೈಸಮಾ(ರ). ಒಂದು ದಿನ ಅವರು ಮನೆಗೆ ಬಂದಾಗ ನೀರು ಚಿಮುಕಿಸಿ ತಂಪುಗೊಳಿಸಿದ ನೆರಳು, ತಣ್ಣನೆಯ ನೀರು, ಸಿದ್ಧವಾದ ಊಟ ಕಾದಿದ್ದವು. ಅಲ್ಲಾಹನ ಪ್ರವಾದಿಯವರು(ಸ) ಬಿಸಿಲಿನಲ್ಲಿರುವಾಗ ನಾನು ನೆರಳಿನಲ್ಲಿರುವುದೇ ಎಂದು ಅವರ ಮನಸ್ಸು ಚುಚ್ಚಿತು. ಅವರು ಒಳಗೆ ಕಾಲಿಡಲಿಲ್ಲ. ಒಂಟೆಯನ್ನು ಸಜ್ಜುಗೊಳಿಸಿ ಹೊರಟೇಬಿಟ್ಟರು, ತಬೂಕ್‌ನಲ್ಲಿ ಸೈನ್ಯವನ್ನು ಸೇರಿಕೊಂಡರು. ತಡವಾಗಿತ್ತು, ಆದರೂ ತಲುಪಿದರು.

ಸಹೋದರ ಸಹೋದರಿಯರೇ, ನಿಮ್ಮ ಬೀರುವಿನಲ್ಲೂ ಯಾರದೋ ಕಾಗದ ಮಲಗಿರಬಹುದು. ಈ ಪುಟವನ್ನು ಮಡಚಿಟ್ಟು ಮೊದಲು ಅದನ್ನು ಹೊರತೆಗೆಯಿರಿ. ಯಾರ ಹಕ್ಕನ್ನೂ ಕುತ್ತಿಗೆಗೆ ಕಟ್ಟಿಕೊಳ್ಳದೆ ತನ್ನ ಸನ್ನಿಧಿಗೆ ಮರಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.