ಎಣಿಸುವುದೂ ಒಂದು ಸಾಕ್ಷ್ಯ

ಹಕ್ಕಿಗಳನ್ನು ಎಣಿಸಿ ಏನು ಪ್ರಯೋಜನ? ಚಳಿಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿದಾರಿಗಳಲ್ಲಿ ನಿಧಾನವಾಗಿ ಸಾಗುತ್ತಾ, ವಿದ್ಯುತ್ ಕಂಬ, ಒಣಮರದ ತುದಿಗಳನ್ನು ನೋಡಿ ಹದ್ದು-ಗಿಡುಗಗಳ ಲೆಕ್ಕ ಬರೆದುಕೊಳ್ಳುವವರಿಗೆ ಯಾರಾದರೂ ಈ ಪ್ರಶ್ನೆ ಕೇಳಬಹುದು. ಇದರಿಂದ ಅಡಿಕೆಗೆ ಧಾರಣೆ ಏರುವುದಿಲ್ಲ, ಹಸಿದವನ ಹೊಟ್ಟೆ ತುಂಬುವುದಿಲ್ಲ. ಮನುಷ್ಯರ ಸಂಕಟಗಳೇ ಇಷ್ಟಿರುವಾಗ ಹದ್ದಿನ ಲೆಕ್ಕವೇಕೆ?

ಈ ಎಣಿಕೆಯ ಕ್ರಮ ಸರಳ. ಪ್ರತಿ ವರ್ಷ ಅದೇ ದಾರಿ, ಅದೇ ಹೊತ್ತು, ಅದೇ ವೇಗ. ಕಾಡಿನ ದಾರಿಯಲ್ಲಿ ಹಾವು ಹಿಡಿಯುವ ಜುಟ್ಟಿನ ಗಿಡುಗ ಕಂಡೀತು. ಬನವಾಸಿ ಕಡೆಯ ಗದ್ದೆಬಯಲಲ್ಲಿ ಗರುಡ ಕಂಡೀತು. ಆದ್ದರಿಂದ ಒಂದು ದಾರಿಯನ್ನು ಇನ್ನೊಂದರ ಜೊತೆ ಹೋಲಿಸುವುದಲ್ಲ, ಅದರದೇ ಹಿಂದಿನ ವರ್ಷಗಳ ಜೊತೆ ಹೋಲಿಸಬೇಕು. ಏನೂ ಕಾಣದಿದ್ದರೆ ಸೊನ್ನೆ ಎಂದು ಬರೆಯಲೇಬೇಕು.

ಇಂಥ ಲೆಕ್ಕದ ಬೆಲೆ ಗೊತ್ತಾದದ್ದು ರಣಹದ್ದುಗಳ ವಿಷಯದಲ್ಲಿ. 1991-93ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ಹಲವು ರಸ್ತೆಗಳಲ್ಲಿ ಬೇಟೆಹಕ್ಕಿಗಳನ್ನು ಎಣಿಸಿದ್ದರು. ಆಗ ರಣಹದ್ದುಗಳಿಗೆ ಬರವಿರಲಿಲ್ಲ. ಮುಂದೆ ಅದೇ ರಸ್ತೆಗಳಲ್ಲಿ ಮತ್ತೆ ಎಣಿಸಿದಾಗ, 2007ರ ಹೊತ್ತಿಗೆ, ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿದಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ 2004ರಲ್ಲಿ ತಿಳಿಸಿತು. ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು.

ಇಲ್ಲಿ ಅಪರಾಧಿ ಯಾರು? ಔಷಧ ಕೊಟ್ಟ ರೈತನಿಗೆ ಇದ್ದದ್ದು ತನ್ನ ಹಸುವಿನ ಮೇಲಿನ ಕರುಣೆ. ಕರ್ಮಗಳ ಮೌಲ್ಯ ನಿಯ್ಯತ್ತನ್ನು ಅವಲಂಬಿಸಿದೆ ಎಂದು ನಂಬುವವರು ನಾವು. ನಿಯ್ಯತ್ತು ಶುದ್ಧವಾಗಿದ್ದರೆ ದೇವನ ಮುಂದೆ ಆ ರೈತ ನಿರ್ದೋಷಿ. ಆದರೆ ಹದ್ದು ಸತ್ತದ್ದು ಸತ್ತೇ ಹೋಯಿತು. ಕೊಳೆತ ಕಳೇಬರಗಳು, ಹೆಚ್ಚಿದ ಬೀದಿನಾಯಿಗಳು, ಕೆಟ್ಟ ನೀರು ಇವುಗಳಿಂದ 2000ದಿಂದ 2005ರವರೆಗೆ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರೆಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿದೆ. ಹದ್ದಿನ ಲೆಕ್ಕ ಮನುಷ್ಯರ ಲೆಕ್ಕವೂ ಆಗಿತ್ತು.

ಕೆಟ್ಟ ಉದ್ದೇಶವಿಲ್ಲದೆ ನಡೆಯುವ ಇಂಥ ಹಾನಿಯಲ್ಲಿ ದೂರು ಕೊಡುವವರಿಲ್ಲ, ಆರೋಪಿಯೂ ಇಲ್ಲ. ಇರುವುದು ಲೆಕ್ಕ ಬರೆದಿಟ್ಟವನ ಸಾಕ್ಷ್ಯ ಮಾತ್ರ. ಸಾಲ ಚಿಕ್ಕದಾದರೂ ಬರೆದಿಡಬೇಕು, ಸಾಕ್ಷಿಗಳು ಕರೆದಾಗ ಹಿಂಜರಿಯಬಾರದು ಎಂದು ಕುರ್‌ಆನ್ ವಿಧಿಸುತ್ತದೆ. ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಅದೇ ಗ್ರಂಥ ಹೇಳುತ್ತದೆ. ಹಾಗಿದ್ದರೆ ಅವುಗಳಿಂದ ನಾವು ಪಡೆದ ಸಾಲವನ್ನು ಬರೆದಿಡುವವರು ಯಾರು? ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು ಎನ್ನುತ್ತೇವೆ. ಒಪ್ಪಿಸಿದ ಸೊತ್ತು ಎಷ್ಟಿದೆಯೆಂದು ಒಮ್ಮೆಯೂ ನೋಡದವನು ಅದನ್ನು ಕಾಯುವುದು ಹೇಗೆ?

ಎಣಿಸಿದ ಮಾತ್ರಕ್ಕೆ ಹಕ್ಕಿ ಉಳಿಯುವುದಿಲ್ಲ, ನಿಜ. ಸಾಕ್ಷಿ ಹೇಳಿದ ಮಾತ್ರಕ್ಕೆ ನ್ಯಾಯವೂ ಸಿಗುವುದಿಲ್ಲ. ಆದರೆ ಸಾಕ್ಷಿಯಿಲ್ಲದಿದ್ದರೆ ವಿಚಾರಣೆಯೇ ಆರಂಭವಾಗದು. ಅದಕ್ಕೇ ಈ ಕೆಲಸಕ್ಕೆ ಪ್ರಾಮಾಣಿಕತೆ ಬೇಕು. ಕಾಣದ ಹಕ್ಕಿಯನ್ನು ಉತ್ಸಾಹದಲ್ಲಿ ಸೇರಿಸಿದರೆ ಅದು ಸುಳ್ಳು ಸಾಕ್ಷ್ಯ. ಬೇಸರದಿಂದ ಸೊನ್ನೆಯನ್ನು ಬಿಟ್ಟುಬಿಟ್ಟರೆ ಅದು ಸಾಕ್ಷ್ಯವನ್ನು ಮುಚ್ಚಿಟ್ಟಂತೆ. ಹತ್ತು ಮೈಲಿ ಸಾಗಿ ಒಂದೂ ಕಾಣದೆ ಸೊನ್ನೆ ಬರೆದುಕೊಂಡು ಬಂದವನು ಬರಿಗೈಯಲ್ಲಿ ಬಂದಿಲ್ಲ.