ಊರು ಎರಡಾದಾಗ ನಳ ಯಾರದು?



2025ರ ಜನವರಿಯಲ್ಲಿ ಧಾರವಾಡದಿಂದ ಅಣ್ಣ ಫೋನ್ ಮಾಡಿದ. "ನಮಗ ಬ್ಯಾರೆ ಮಹಾನಗರ ಪಾಲಿಕೆ ಆಗತೈತಿ. ಸಚಿವ ಸಂಪುಟ ಒಪ್ಪೇತಿ ನೋಡು" ಎಂದು ಹಿಗ್ಗಿದ. 1962ರಲ್ಲಿ ಹುಬ್ಬಳ್ಳಿಯೊಡನೆ ಒಂದೇ ಪಾಲಿಕೆಗೆ ಸೇರಿದ ಊರು ನಮ್ಮದು. ಅನುದಾನವೆಲ್ಲ ಹುಬ್ಬಳ್ಳಿಯ ಪಾಲು ಎಂಬ ಕೊರಗನ್ನು ಕೇಳುತ್ತಲೇ ಬೆಳೆದವನು ನಾನು. (ಎಂ.ಬಿ.ಬಿ.ಎಸ್. ಓದಿದ್ದು ಹುಬ್ಬಳ್ಳಿಯಲ್ಲಿ, ಇದರ ಇನ್ನೊಂದು ಮಗ್ಗುಲನ್ನು ಹಾಸ್ಟೆಲಿನ ಗೆಳೆಯರು ಚೆನ್ನಾಗಿಯೇ ತಿಳಿಸಿದ್ದಾರೆ!) ನನಗೂ ಸಂತೋಷವೇ. ಆದರೆ ಬಾಯಿಗೆ ಬಂದದ್ದು, "ಅಣ್ಣಾ, ನೀರಿಂದ ಹ್ಯಾಂಗ?"

ಸವದತ್ತಿ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಎರಡೂ ಊರಿಗೆ ಬರುತ್ತದೆ. ಗಡಿಯನ್ನು ನಕಾಶೆಯ ಮೇಲೆ ಎಳೆಯಬಹುದು. ಕೊಳವೆಯ ಮೇಲೆ ಹೇಗೆ ಎಳೆಯುವುದು? ಹಳೆಯ ಸಾಲ, ಕಸದ ಗಾಡಿ, ಪೌರಕಾರ್ಮಿಕರ ಪಗಾರ ಯಾರ ಪಾಲಿಗೆ? ಬೇರೆಯಾಗುವ ಹಕ್ಕು ಖಂಡಿತ ಇದೆ. ಬೇರೆಯಾದ ದಿನವೇ ಹಳಬರ ಹೊಣೆ ಮುಗಿಯಿತೆ ಎಂಬುದು ನನ್ನ ಪ್ರಶ್ನೆ.

ನಾನು ಈ ದೇಶದಲ್ಲಿ ರೆಸಿಡೆಂಟ್ ಆಗಿದ್ದಾಗ ಒಬ್ಬ ರೋಗಿಯನ್ನು ನಮ್ಮ ತಂಡದಿಂದ ಸರ್ಜರಿಯವರಿಗೆ ವರ್ಗಾಯಿಸಿದೆವು. ಕಾಗದಪತ್ರ ಎಲ್ಲ ಸರಿ. ರಾತ್ರಿ ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದ ವರದಿ ಬಂತು. ಅವರು ನೋಡುತ್ತಾರೆಂದು ನಾವು, ನಾವು ನೋಡುತ್ತೇವೆಂದು ಅವರು. ಬೆಳಗಿನ ಜಾವ ನರ್ಸ್ ಗಮನಿಸಿದ್ದರಿಂದ ಆ ಜೀವ ಉಳಿಯಿತು. ನಮ್ಮ ಹಿರಿಯ ವೈದ್ಯರು ಗದರಲಿಲ್ಲ. "ಎದುರಿನವನು 'ಇವರು ನನ್ನ ರೋಗಿ' ಎಂದು ಬಾಯಿಬಿಟ್ಟು ಹೇಳುವ ತನಕ ಅವರು ನಿನ್ನವರೇ" ಎಂದಷ್ಟೇ ಹೇಳಿದರು. ಇಂದಿಗೂ ಅದನ್ನು ಮರೆತಿಲ್ಲ.

ನಮ್ಮಲ್ಲಿ ಅನೇಕರು ವಾಸಿಸುವ ಸಮಾಮಿಶ್ 1999ರ ಆಗಸ್ಟ್ 31ರಂದು ನಗರವಾಯಿತು. ಅದು ಬೇರೆಯಾದದ್ದು ಇನ್ನೊಂದು ನಗರದಿಂದಲ್ಲ, ಕಿಂಗ್ ಕೌಂಟಿಯ ನೇರ ಆಡಳಿತದಿಂದ. ಹೀಗೆ ನಗರವಾದ ಮೇಲೂ ಕೌಂಟಿಯು ಗರಿಷ್ಠ 60 ದಿನ ಪೊಲೀಸ್ ಮತ್ತು ರಸ್ತೆ ಕೆಲಸ ನಡೆಸಿಕೊಡಬೇಕೆಂದು ವಾಷಿಂಗ್ಟನ್ ಕಾನೂನು ಹೇಳುತ್ತದೆ. ಆಮೇಲೆ ಸಮಾಮಿಶ್ ಕೌಂಟಿ ಶೆರಿಫರ ಪೊಲೀಸರನ್ನೇ ಹಣ ಕೊಟ್ಟು ಗೊತ್ತುಮಾಡಿಕೊಂಡಿತು. ಇದ್ದವರ ಊರು, ನಡೆಯಿತು. ಆದರೆ ಅನುಕೂಲಸ್ಥ ಊರುಗಳು ಒಂದೊಂದಾಗಿ ಹೊರಟಾಗ ಅವುಗಳ ತೆರಿಗೆಯೂ ಹೊರಟಿತು. ಸಿಯಾಟಲ್ ಮತ್ತು ರೆಂಟನ್ ನಡುವಿನ ಸ್ಕೈವೇ ಯಾವ ನಗರಕ್ಕೂ ಸೇರದೆ ಕೌಂಟಿಯ ಪಾಲಿಗೇ ಉಳಿಯಿತು. ನಮ್ಮ ಹೊಸ ಊರಿನ ಲೆಕ್ಕದಲ್ಲಿ ಸ್ಕೈವೇ ಇರಲಿಲ್ಲ. ಇರಬೇಕಿತ್ತೆ? ಇರಬೇಕಿತ್ತೆಂದೇ ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.

ದೆಹಲಿಯಲ್ಲಿ 2012ರಲ್ಲಿ ಪಾಲಿಕೆಯನ್ನು ಮೂರು ಮಾಡಿದರು. ಹೆಚ್ಚು ತೆರಿಗೆಯ ಬಡಾವಣೆಗಳು ದಕ್ಷಿಣಕ್ಕೆ ಹೋದವು. ಪೂರ್ವ ಮತ್ತು ಉತ್ತರ ಪಾಲಿಕೆಗಳು ಸಂಬಳಕ್ಕೇ ಪರದಾಡಿದವು. 2020ರಲ್ಲಿ, ಕೋವಿಡ್ ನಡುವೆ, ಹಿಂದೂ ರಾವ್ ಆಸ್ಪತ್ರೆಯ ವೈದ್ಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಹೂಡಿದರು. 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು.

ಹೊಣೆ ಎಂದಿಗೂ ಮುಗಿಯದಿದ್ದರೆ ಬೇರೆಯಾಗುವುದಾದರೂ ಏಕೆ ಎಂದು ನೀವು ಕೇಳಬಹುದು. ಮುಗಿಯುತ್ತದೆ. ಆದರೆ ಅದನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬಾರದು, ಕೊನೆಯ ಓಣಿಯ ನಳ ನೋಡಿ ಗೊತ್ತುಮಾಡಬೇಕು. ಹೊಸ ಪಾಲಿಕೆಯೂ ಒಳ್ಳೆಯ ತೆರಿಗೆಯನ್ನಷ್ಟೇ ಎಣಿಸಿಕೊಂಡು ಸಾಲವನ್ನು ಅತ್ತ ತಳ್ಳುವಂತಿಲ್ಲ.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತ ನಮ್ಮ ಓಣಿಗೆ ನೀರು ಬಿಡೋ ದಿನ. ಬಂತೋ ಇಲ್ಲೋ ನೋಡಿ ಫೋನ್ ಮಾಡ್ತೀನಿ" ಎಂದ.