ರುಚಿಯ ಅರ್ಪಣ

ಉಣ್ಣದೆ ಬದುಕಿದವರಿಲ್ಲ. ಆದರೆ ಉಂಡು ಸುಖಪಡುವುದು ಧರ್ಮಸಮ್ಮತವೇ ಎಂಬ ಪ್ರಶ್ನೆ ಬಂದಾಗ ನಮ್ಮ ಭಕ್ತಸಮಾಜದಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ನಾಲಿಗೆಯ ಚಾಪಲ್ಯವನ್ನು ಗೆಲ್ಲದವನಿಗೆ ಲಿಂಗಾನುಭವವು ದೂರ, ಆದಕಾರಣ ರುಚಿಯೆಂಬುದೇ ಸಾಧಕನ ಹಗೆ ಎಂಬುದು ಒಂದು. ದೇಹವು ದೇವರು ಕೊಟ್ಟದ್ದು, ಬಾಯಿಗೆ ಸೊಗಸಾದುದೆಲ್ಲವೂ ಭೋಗ್ಯವೇ, ಉಣಿಸಿನ ಸುಖದಲ್ಲಿ ತಪ್ಪಿಲ್ಲವೆಂದ ಮೇಲೆ ಪಾನದ ಸುಖದಲ್ಲಿ ಮಾತ್ರ ತಪ್ಪೆಲ್ಲಿಂದ ಬಂತು ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಓದಿದ ತರುಣರು ಇಂದು ಗಟ್ಟಿಯಾಗಿಯೇ ಆಡುತ್ತಾರೆ. ಗದರಿಸಿ ಅವರ ಬಾಯಿ ಮುಚ್ಚಿಸಿದರೆ ಅದು ಉತ್ತರವಾಗದು. ಶರಣರ ದೃಷ್ಟಿಯಿಂದ ಈ ಎರಡು ಮಾತುಗಳನ್ನೂ ತೂಗಿ ನೋಡುವುದು ಇಲ್ಲಿಯ ಉದ್ದೇಶ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಅನ್ನದ ಸೀಮೆ. ಬಿಳಿಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ, ಗಟ್ಟಿ ಮೊಸರು, ಹೊಸ ಬೆಲ್ಲ. ಸಂಕ್ರಮಣದ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಎಳ್ಳ ಅಮಾವಾಸ್ಯೆಯ ದಿನ ಒಕ್ಕಲಿಗನು ಮನೆಮಂದಿಯೊಡನೆ ಬುತ್ತಿಯ ಗಂಟು ಹೊತ್ತು ಹೊಲಕ್ಕೆ ಹೋಗುತ್ತಾನೆ; ಮೊದಲು ಬೆಳೆಯ ನಡುವೆ ಚರಗ ಚೆಲ್ಲಿ, ಅನಂತರ ಎಲ್ಲರೊಡನೆ ನೆಲದ ಮೇಲೆ ಕುಳಿತು ಉಣ್ಣುತ್ತಾನೆ. ಆ ದಿನದ ಊಟ ಮನೆಯ ಊಟಕ್ಕಿಂತ ರುಚಿಯೆಂದು ಎಲ್ಲರೂ ಹೇಳುತ್ತಾರೆ. ಕೊಟ್ಟ ನೆಲಕ್ಕೆ ಮೊದಲು ಕೊಟ್ಟು ಬಳಿಕ ತಾನುಣ್ಣುವ ಈ ಆಚರಣೆಯಲ್ಲಿ ನಮ್ಮ ಪ್ರಶ್ನೆಯ ಉತ್ತರವು ಬೀಜರೂಪದಲ್ಲಿದೆ.

ವಚನಧರ್ಮವು ರುಚಿಯನ್ನು ಹೊರಗಟ್ಟಲಿಲ್ಲ. ಅದಕ್ಕೊಂದು ಸ್ಥಾನವನ್ನು ಕೊಟ್ಟಿತು. ಷಟ್‌ಸ್ಥಲ ಸಿದ್ಧಾಂತವು ಒಂದೊಂದು ಇಂದ್ರಿಯಮುಖದಲ್ಲಿ ಒಂದೊಂದು ಲಿಂಗವನ್ನು ನೆಲೆಗೊಳಿಸಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧ, ರಸ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳು ಕ್ರಮವಾಗಿ ಈ ಆರಕ್ಕೆ ಸಲ್ಲುವ ಅರ್ಪಿತಗಳು. ಇದನ್ನು ಒಂದು ಊಟಕ್ಕೆ ಅನ್ವಯಿಸಿ ನೋಡೋಣ. ಹೆಂಚಿನ ಮೇಲಣ ರೊಟ್ಟಿಯ ಕಂಪು, ಹಿಂಡಿಯ ಖಾರ, ಗಂಗಾಳದ ಮೇಲಿನ ಬೆಣ್ಣೆಯ ಬಿಳುಪು, ಬೆರಳಿಗೆ ತಾಗುವ ಬಿಸುಪು, ರೊಟ್ಟಿ ತಟ್ಟುವ ಸದ್ದು, ಕೊನೆಗೆ ಹೊಟ್ಟೆ ತಣಿದಾಗಿನ ನೆಮ್ಮದಿ, ಇವಾರೂ ಲಿಂಗಕ್ಕೆ ಸಲ್ಲಬೇಕಾದವು. ಸಲ್ಲುವ ಮೊದಲು ಅದು ಪದಾರ್ಥ. ಸಂದ ಮೇಲೆ ಅದೇ ಪ್ರಸಾದ. ಆದಕಾರಣವೇ ಶರಣನನ್ನು ಲಿಂಗಭೋಗೋಪಭೋಗಿಯೆಂದು ಕರೆದರು. ಅವನು ಭೋಗವನ್ನು ಬಿಟ್ಟವನಲ್ಲ, ಲಿಂಗವು ಭೋಗಿಸಿದ್ದನ್ನು ಭೋಗಿಸುವವನು.

ಹೀಗಿರಲು ರುಚಿಯನ್ನು ಹಗೆಯೆಂದು ಕಾಣುವ ಮೊದಲನೆಯ ಮಾತು ನಿಲ್ಲಲಾರದು. ನಾಲಿಗೆಯನ್ನು ಕೊಂದವನು ಗುರುಲಿಂಗಕ್ಕೆ ಏನನ್ನು ಅರ್ಪಿಸಿಯಾನು? ಇತರರ ನಿಯಮಗಳನ್ನು ನಾವು ಹಳಿಯಬೇಕಾಗಿಲ್ಲ. ಈ ಸೀಮೆಯಲ್ಲಿ ನಮ್ಮ ನೆರೆಹೊರೆಯವರಾದ ಜೈನ ಬಂಧುಗಳು ಅಹಿಂಸೆಯ ದೃಷ್ಟಿಯಿಂದ ಸೂರ್ಯಾಸ್ತಕ್ಕೆ ಮುನ್ನವೇ ಉಂಡು ಕೈತೊಳೆಯುತ್ತಾರೆ. ಆ ಶಿಸ್ತು ಗೌರವಾರ್ಹವಾದುದು. ಸುಖವೇ ಪರಮಾರ್ಥವೆಂದು ಸಾರಿದ ಗ್ರೀಸ್ ದೇಶದ ಎಪಿಕ್ಯೂರಸನು ಕ್ರಿ. ಪೂ. 4-3ನೆಯ ಶತಮಾನಗಳಲ್ಲಿ ಬಹುಮಟ್ಟಿಗೆ ರೊಟ್ಟಿ ನೀರುಗಳಲ್ಲಿಯೇ ಬದುಕಿದನೆಂದೂ, ಒಂದಿಷ್ಟು ಗಿಣ್ಣು ದೊರೆತರೆ ಅದನ್ನೇ ಹಬ್ಬವೆಂದು ಬಗೆಯುತ್ತಿದ್ದನೆಂದೂ ಹೇಳುತ್ತಾರೆ. ಸುಖವನ್ನು ನಿಜವಾಗಿ ಬಲ್ಲವನಿಗೆ ಅದರ ರಾಶಿ ಬೇಕಾಗುವುದಿಲ್ಲ. ಶರಣರ ಮಾರ್ಗವು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ: ಸುಖವು ಎಷ್ಟು ಎಂಬುದರೊಡನೆ ಅದು ಎಲ್ಲಿಂದ ಬಂತು, ಯಾರೊಡನೆ ಹಂಚಿತು, ಯಾವ ಎಚ್ಚರದಲ್ಲಿ ಸಂದಿತು ಎಂಬುದನ್ನೂ ಅದು ಕೇಳುತ್ತದೆ. ಕಾಯಕ, ದಾಸೋಹ, ಅವಧಾನ, ಇವೇ ಆ ಮೂರು ಒರೆಗಲ್ಲುಗಳು.

ಕಾಯಕದ ಒರೆಗಲ್ಲಿಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗಕ್ಕಿಂತ ಮಿಗಿಲಾದ ದೃಷ್ಟಾಂತ ಬೇಡ. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಆಕೆ ಅದನ್ನು ಅಟ್ಟು ಬಡಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ, ಅನ್ನದ ರುಚಿಯಲ್ಲಿಯೂ ದೋಷವಿರಲಿಲ್ಲ. ಅಗತ್ಯವನ್ನು ಮೀರಿ ಕೈಚಾಚಿದ ಆಸೆಯಲ್ಲಿ ದೋಷವಿದ್ದಿತು. ಆ ದಂಪತಿಗಳ ಮನೆಯ ಅನ್ನ ಜಂಗಮಕ್ಕೆ ರುಚಿಸಿದ್ದು ಈ ಎಚ್ಚರದಿಂದಲೇ.

ಇನ್ನು ಪಾನದ ವಿಚಾರ. ಅಥಣಿಯ ಪೂರ್ವಭಾಗದಲ್ಲಿ, ತೆಲಸಂಗದ ಕಡೆಗೆ, ಮಳೆ ಕಡಿಮೆಯಾದ ನೆಲದಲ್ಲಿ ರೈತರು ದ್ರಾಕ್ಷಿಯನ್ನು ಬೆಳೆದಿದ್ದಾರೆ. ಗೊಂಚಲುಗಳನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದಡಿ ಎರಡು ಮೂರು ವಾರ ಒಣಗಿಸಿದರೆ ಮನುಕ. ಅದೇ ಹಣ್ಣನ್ನು ಹಿಂಡಿ ಹುಳಿಯಲು ಬಿಟ್ಟರೆ ದ್ರಾಕ್ಷಾರಸದ ಮದ್ಯ. ಕಬ್ಬಿನ ಕಥೆಯೂ ಹಾಗೆಯೇ. ಉಗಾರದಲ್ಲಿ 1939ರಲ್ಲಿ ಸಕ್ಕರೆಯ ಉದ್ಯಮವು ಸ್ಥಾಪನೆಯಾದಂದಿನಿಂದ ಈ ತಾಲೂಕುಗಳ ಕಬ್ಬು ಗಾಣದೊಡನೆ ಕಾರ್ಖಾನೆಗೂ ಹರಿಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ದನದ ಮೇವೂ ಆಗುತ್ತದೆ, ಪೆಟ್ರೋಲಿನೊಡನೆ ಬೆರೆಸುವ ಇಂಧನವೂ ಆಗುತ್ತದೆ, ಕುಡಿಯುವ ಮದ್ಯವೂ ಆಗುತ್ತದೆ. ಹಣ್ಣು ಪಾಪಿಯಲ್ಲ, ಕಬ್ಬು ಪಾಪಿಯಲ್ಲ, ಬೆಳೆದ ರೈತನೂ ಪಾಪಿಯಲ್ಲ. ಪದಾರ್ಥದಲ್ಲಿಯೇ ಮೈಲಿಗೆಯನ್ನು ಹುಡುಕುವವರು ಶರಣರ ಮಾರ್ಗವನ್ನು ಬಿಟ್ಟು ಮಡಿಯ ಮಾರ್ಗವನ್ನು ಹಿಡಿದವರು.

ಹಾಗಾದರೆ ಮದ್ಯವನ್ನೂ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಬಹುದಲ್ಲವೇ? ತರುಣರ ಪ್ರಶ್ನೆಯ ಮರ್ಮವು ಇಲ್ಲಿದೆ. ಅರ್ಪಣವೆಂಬುದು ಬಾಯಿಮಾತಿನ ಮಂತ್ರವಲ್ಲ; ಪದಾರ್ಥವು ನಾಲಿಗೆಯನ್ನು ಮುಟ್ಟುವ ಕ್ಷಣದಲ್ಲಿ ಮನಸ್ಸು ಎಚ್ಚತ್ತಿರುವುದೇ ಅರ್ಪಣ. ಬೆಲ್ಲವು ನಾಲಿಗೆಗೆ ಸಿಹಿಯನ್ನು ಕೊಟ್ಟು ಮನಸ್ಸನ್ನು ಇದ್ದಲ್ಲಿಯೇ ಬಿಡುತ್ತದೆ. ಮದ್ಯವಾದರೋ ಅರ್ಪಿಸಬೇಕಾದ ಮನಸ್ಸನ್ನೇ ಮೊದಲು ಕಸಿದುಕೊಳ್ಳುತ್ತದೆ. ಅರ್ಪಿಸುವವನೇ ಇಲ್ಲವಾದಲ್ಲಿ ಅರ್ಪಿತವೆಲ್ಲಿ, ಪ್ರಸಾದವೆಲ್ಲಿ? ಅವಧಾನವನ್ನು ಅಳಿಸುವ ವಸ್ತುವನ್ನು ಅವಧಾನದಿಂದ ಅರ್ಪಿಸುತ್ತೇನೆಂಬುದು ದೀಪವನ್ನು ಆರಿಸಿ ಆ ಬೆಳಕಿನಲ್ಲಿ ಓದುತ್ತೇನೆಂದಂತೆ.

ಮಿತವಾಗಿ ಸೇವಿಸಿದರೆ ಎಚ್ಚರವು ಅಳಿಯದು, ಅನೇಕ ದೇಶಗಳಲ್ಲಿ ಸಜ್ಜನರೂ ಊಟದೊಡನೆ ಸೇವಿಸುತ್ತಾರೆ, ಕ್ರೈಸ್ತರು ತಮ್ಮ ಪವಿತ್ರ ಸಂಸ್ಕಾರದಲ್ಲಿಯೇ ರೊಟ್ಟಿಯೊಡನೆ ದ್ರಾಕ್ಷಾರಸವನ್ನು ಸ್ವೀಕರಿಸುತ್ತಾರೆ ಎಂಬ ಆಕ್ಷೇಪವುಂಟು. ಇದನ್ನು ಹಗುರಾಗಿ ತಳ್ಳಲಾಗದು. ಅನ್ಯಧರ್ಮೀಯರ ಸಂಸ್ಕಾರವನ್ನು ಅಳೆಯುವ ಅಧಿಕಾರ ನಮಗಿಲ್ಲ. ಒಂದು ಗುಟುಕು ಕುಡಿದವರೆಲ್ಲರೂ ಕೆಡುಕರೆಂದು ಹೇಳುವುದು ಸುಳ್ಳಾಗುತ್ತದೆ. ಆದರೆ ಎರಡು ಸಂಗತಿಗಳನ್ನು ವಿಚಾರಿಸಬೇಕು. ಮಿತವನ್ನು ಅಳೆಯುವುದು ಬುದ್ಧಿ. ಮದ್ಯವು ಮೊದಲು ಸಡಿಲಿಸುವುದೂ ಆ ಬುದ್ಧಿಯನ್ನೇ. ಅಳೆಯುವ ಕೊಳಗವೇ ಕರಗುತ್ತಿರುವಾಗ ಅಳತೆಯನ್ನು ನಂಬುವುದೆಂತು? ಎರಡನೆಯದು ದಾಸೋಹದ ಒರೆಗಲ್ಲು. ರೊಟ್ಟಿಯ ರುಚಿಯು ಮಗುವಿನ ಬಾಯಿಗೆ ತುತ್ತಿಟ್ಟಾಗ ಇಮ್ಮಡಿಯಾಗುತ್ತದೆ. ಅಥಣಿಯ ಬೀದಿಯಲ್ಲಿ ಕೂಲಿ ಮುಗಿಸಿ ಬರುವ ತಂದೆಯು ಮಡಿಲಲ್ಲಿ ಮನುಕವನ್ನು ಕಟ್ಟಿಕೊಂಡು ಬಂದರೆ ಮಕ್ಕಳು ಓಡಿಬರುತ್ತವೆ. ಅದೇ ದ್ರಾಕ್ಷಿಯು ಬಾಟಲಿಯೊಳಗಿದ್ದರೆ ಅವನು ಅದನ್ನು ಮಕ್ಕಳ ಕಣ್ಣಿಗೆ ಮರೆಮಾಡಬೇಕಾಗುತ್ತದೆ. ತನ್ನ ಮಗುವಿನೊಡನೆ ಹಂಚಿ ಉಣ್ಣಲಾಗದ ಸುಖವನ್ನು ಜಂಗಮದೊಡನೆ ಹಂಚುವುದೆಂತು? ಹಂಚಲಾಗದ ಸುಖವು ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರದು. ಮಿತಪಾನಿಯನ್ನು ನಾವು ದೂಷಿಸಬೇಕಾಗಿಲ್ಲ. ಅವನ ಸುಖವು ಪ್ರಸಾದವಾಗಲಾರದೆಂದು ಮಾತ್ರ ವಿನಯದಿಂದ ಹೇಳಬೇಕು.

ಕಾನೂನು ಈ ಕಾರ್ಯವನ್ನು ಮಾಡಿಕೊಡುವುದೆಂಬ ನಂಬಿಕೆಯೂ ಒಂದು ಕಾಲದಲ್ಲಿದ್ದಿತು. ಈ ಭಾಗವು ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯಿದೆಯು ಇಲ್ಲಿಗೂ ಅನ್ವಯಿಸಿತ್ತು. ಇಂದು ಅದು ಇಲ್ಲಿಲ್ಲ. 2007ರಲ್ಲಿ ಕರ್ನಾಟಕ ಸರಕಾರವು ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣ ಹಾಗೂ ದ್ರಾಕ್ಷಾರಸದ ನೀತಿಯನ್ನೂ ತಂದಿತು. ರಾಜ್ಯಕ್ಕೆ ಬೊಕ್ಕಸದ ಚಿಂತೆಯುಂಟು, ರೈತನ ಚಿಂತೆಯೂ ಉಂಟು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು, ಬಾಯಾರಿಕೆಯನ್ನು ಮುಚ್ಚಲಾರದು. ಇದನ್ನು ಚೆನ್ನಾಗಿ ಅರಿತವರು ಚಿತ್ತರಗಿ-ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಮಹಾಂತ ಜೋಳಿಗೆಯನ್ನು ಹಿಡಿದು ಊರೂರು ತಿರುಗಿದರು. ಹಣವನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯನ್ನು ಕೆಳಗಿಡಲಿಲ್ಲ. ಬೇಡುವವನು ಕೆಳಗೆ ನಿಲ್ಲುತ್ತಾನೆ, ಕೊಡುವವನು ಮೇಲೆ ನಿಲ್ಲುತ್ತಾನೆ. ಕುಡುಕನನ್ನು ದಾನಿಯ ಸ್ಥಾನದಲ್ಲಿ ನಿಲ್ಲಿಸಿದ್ದೇ ಆ ಜೋಳಿಗೆಯ ಹಿರಿಮೆ.

ಕಲ್ಯಾಣದ ಶರಣರೂ ಹೀಗೆಯೇ ನಡೆದರು. ಹೆಂಡವನ್ನು ಮಾರುತ್ತಿದ್ದ ಮಾರಯ್ಯನನ್ನು ಅವರು ದೂರವಿಡಲಿಲ್ಲ. ಧರ್ಮೇಶ್ವರಲಿಂಗವೆಂಬ ಅಂಕಿತದ ಆತನ ವಚನಗಳಲ್ಲಿ ಹೆಂಡದ ಮಡಕೆಯೂ ಮತ್ತೂ ಶಿವಾನುಭವದ ಪರಿಭಾಷೆಯಾಗಿ ಮಾರ್ಪಟ್ಟವು. ಹಳೆಯ ಹೆಸರನ್ನು ಅಳಿಸದೆಯೇ ಆತನನ್ನು ಶರಣನೆಂದು ಒಪ್ಪಿದರು. ಮದ್ಯವನ್ನು ಬಿಡಿಸಲು ಹೊರಟವನು ಮನುಷ್ಯನನ್ನೇ ಬಿಟ್ಟರೆ ಗೆದ್ದದ್ದೇನು?

ಕೊನೆಗೆ, ಮದ್ಯವನ್ನು ಮುಟ್ಟದ ನಮ್ಮಂಥ ಗೃಹಸ್ಥರೂ ಅದೇ ಒರೆಗಲ್ಲಿನ ಮುಂದೆ ನಿಲ್ಲಬೇಕು. ಮದುವೆಯ ಪಂಕ್ತಿಗಳಲ್ಲಿ ಎಲೆಯ ತುಂಬ ಬಡಿಸಿಕೊಂಡು ಅರ್ಧವನ್ನು ಚೆಲ್ಲುವ ನಮ್ಮ ಊಟ ಪ್ರಸಾದವೇ? ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಧರ್ಮದಲ್ಲಿ ಹುಟ್ಟಿ ನಾವು ಹೆಚ್ಚಿನ ಅನ್ನವನ್ನು ತಿಪ್ಪೆಗೆ ಕಳಿಸುತ್ತಿದ್ದೇವೆ. ಇನ್ನೂ ಸಮೀಪಕ್ಕೆ ಬರೋಣ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಬೆವರಿ ರೊಟ್ಟಿಯನ್ನು ಬಡಿದ ಹೆಣ್ಣುಮಗಳು ಎಲ್ಲರೂ ಉಂಡೆದ್ದ ಮೇಲೆ, ಆರಿದ ರೊಟ್ಟಿಯನ್ನು, ಪಲ್ಯ ಉಳಿದಿದ್ದರೆ ಪಲ್ಯದೊಡನೆ, ಒಬ್ಬಳೇ ಕುಳಿತು ಉಣ್ಣುತ್ತಾಳೆ. ಆಕೆಯ ಜಿಹ್ವೆಯಲ್ಲಿ ಗುರುಲಿಂಗವಿಲ್ಲವೇ? ಬಿಸಿರೊಟ್ಟಿಯ ಅರ್ಪಣ ಆ ಲಿಂಗಕ್ಕೆ ಸಲ್ಲಬಾರದೇ? ಮದ್ಯಪಾನಿಯ ಸುಖವನ್ನು ಹಂಚಲಾಗದ ಸುಖವೆಂದು ಆಕ್ಷೇಪಿಸುವ ನಾವು ಅಡುಗೆಮನೆಯ ಹೊಸ್ತಿಲಲ್ಲಿ ಅದೇ ದೋಷವನ್ನು ದಿನಕ್ಕೆರಡು ಬಾರಿ ಮಾಡುತ್ತಿದ್ದರೆ ನಮ್ಮ ಉಪದೇಶಕ್ಕೆ ಬೆಲೆಯೆಲ್ಲಿ?

ಆದುದರಿಂದ ಸದ್ಭಕ್ತರು ರುಚಿಗೆ ಅಂಜಬೇಕಾಗಿಲ್ಲ, ರುಚಿಗೆ ಆಳಾಗಲೂ ಬೇಕಾಗಿಲ್ಲ. ದುಡಿದು ತಂದುದನ್ನು, ಬೇಕಾದಷ್ಟನ್ನೇ, ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು, ಹಸಿದು ಬಂದವನಿಗೊಂದು ಪಾಲಿಟ್ಟು, ಎಚ್ಚರದ ಮನಸ್ಸಿನಿಂದ ಸವಿಯಲಿ. ಹಾಗೆ ಸವಿದ ಜೋಳದ ರೊಟ್ಟಿಯೂ ಒಂದು ಚೂರು ಬೆಲ್ಲವೂ ಲಿಂಗಕ್ಕೆ ಸಂದ ಭೋಗವೇ ಸರಿ. ಈ ಸುಖವನ್ನು ಉಂಡವನಿಗೆ ಎಚ್ಚರವನ್ನು ಮಾರಿ ಕೊಳ್ಳಬೇಕಾದ ಬೇರೊಂದು ಸುಖವು ತಾನಾಗಿಯೇ ಸಪ್ಪೆಯೆನಿಸುವುದು.